ಗೋಲ್ಡನ್ ಗೇಟ್ ಸೇತುವೆಯಡಿ ಹೊರಟ ಹದಿನಾರು ವಿಮಾನಗಳು

ಏಪ್ರಿಲ್-ಮೇ ಬಂತೆಂದರೆ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ-ಅಮ್ಮಂದಿರ ಓಡಾಟ ಶುರುವಾಗುತ್ತದೆ. ವಾರಾಂತ್ಯದಲ್ಲಿ ಅವರನ್ನು ಕರೆದೊಯ್ಯುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಕೊನೆಗೆ ಗೋಲ್ಡನ್ ಗೇಟ್ ಸೇತುವೆ. ಕೆಂಪು ಸೇತುವೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಅದೇ ದಿನ ಊರಿನ ವಾಟ್ಸ್‌ಆ್ಯಪ್ ಗುಂಪು ಸೇರಿರುತ್ತದೆ. ಆದರೆ 1942ರ ಏಪ್ರಿಲ್ 2ರ ಬೆಳಿಗ್ಗೆ ಇದೇ ಸೇತುವೆಯ ಕೆಳಗೆ ಹಾದುಹೋದ ಒಂದು ಹಡಗು ಎರಡನೇ ಮಹಾಯುದ್ಧದ ದಿಕ್ಕನ್ನೇ ಬದಲಿಸಿತೆಂಬುದು ಅಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಗೊತ್ತಿದ್ದೀತು?

ಓಕ್‌ಲೆಂಡ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಡೂಲಿಟಲ್ ಡ್ರೈವ್ ಎಂಬ ರಸ್ತೆಯಿದೆ. ಇಂಗ್ಲಿಷ್ ಬಲ್ಲವರಿಗೆ ಈ ಹೆಸರು ಕೇಳಿ ಸಣ್ಣ ನಗು ಬರಬಹುದು, ಹೆಚ್ಚೇನೂ ಕೆಲಸ ಮಾಡದವನು ಎಂಬಂತೆ ಕಿವಿಗೆ ಬೀಳುತ್ತದೆ. ಆ ಹೆಸರಿನ ಮನುಷ್ಯ ಒಂದು ಜನ್ಮದಲ್ಲಿ ಮಾಡಿದ ಕೆಲಸ ಮಾತ್ರ ಹತ್ತು ಜನರ ಪಾಲಿಗೆ ಸಾಲುವಷ್ಟಿತ್ತು. ಜೇಮ್ಸ್ ಹೆರಾಲ್ಡ್ ಡೂಲಿಟಲ್, ಎಲ್ಲರ ಬಾಯಲ್ಲಿ ಜಿಮ್ಮಿ ಡೂಲಿಟಲ್, ಹುಟ್ಟಿದ್ದು ಇಲ್ಲೇ. ಓಕ್‌ಲೆಂಡಿಗೆ ಅಂಟಿಕೊಂಡಂತಿರುವ ಅಲಮೀಡಾದಲ್ಲಿ, 1896ರ ಡಿಸೆಂಬರ್ 14ರಂದು.

ಚಿನ್ನದ ಬೆನ್ನು ಹತ್ತಿದ ಅಪ್ಪ

ಜಿಮ್ಮಿಯ ತಂದೆ ಫ್ರಾಂಕ್ ಬಡಗಿ. ಅಲಾಸ್ಕದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಕೇಳಿ ಹೆಂಡತಿ, ಮಗುವನ್ನು ಬಿಟ್ಟು ಹೊರಟವರು. ನಮ್ಮ ಕೋಲಾರದ ಗಣಿಗಳಲ್ಲಿ ಕಂಪನಿಯವರು ಚಿನ್ನ ತೆಗೆಯುತ್ತಿದ್ದ ಕಾಲವೇ ಅದು. ಅಲಾಸ್ಕದಲ್ಲಿ ಮಾತ್ರ ಯಾರು ಬೇಕಾದರೂ ಹೋಗಿ ಅದೃಷ್ಟ ಪರೀಕ್ಷೆ ಮಾಡಬಹುದಿತ್ತು. 1900ರಲ್ಲಿ ತಾಯಿ ರೋಸಾ ಮಗನನ್ನು ಕರೆದುಕೊಂಡು ನೋಮ್ ಎಂಬ ಹಿಮದ ಊರು ಸೇರಿದರು. ಅಪ್ಪನಿಗೆ ಚಿನ್ನ ಒಲಿಯಲಿಲ್ಲ, ಮರಗೆಲಸವೇ ಅನ್ನ ಕೊಟ್ಟಿತು. ಗಿಡ್ಡ ದೇಹದ ಹುಡುಗ ಆ ಒರಟು ಊರಿನಲ್ಲಿ ಶಾಲೆಯ ದೊಡ್ಡ ಹುಡುಗರೊಂದಿಗೆ ಬಡಿದಾಡುತ್ತಲೇ ಬೆಳೆದ.

1908ರಲ್ಲಿ ತಾಯಿ-ಮಗ ಕ್ಯಾಲಿಫೋರ್ನಿಯಕ್ಕೆ ಮರಳಿ ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದರು. 1910ರಲ್ಲಿ ಆ ಊರಿನ ಹತ್ತಿರ ನಡೆದ ವಿಮಾನ ಪ್ರದರ್ಶನದಲ್ಲಿ ಜಿಮ್ಮಿ ಮೊದಲ ಬಾರಿಗೆ ವಿಮಾನ ಕಂಡ. ಬಾಕ್ಸಿಂಗ್ ಹುಚ್ಚಿನ ಜತೆಗೆ ಹಾರಾಟದ ಹುಚ್ಚೂ ಹಿಡಿಯಿತು. ಗಣಿ ಎಂಜಿನಿಯರ್ ಆಗಬೇಕೆಂದು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸೇರಿದ್ದಾಗಲೇ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿಯಿತು. 1917ರ ಅಕ್ಟೋಬರ್‌ನಲ್ಲಿ ಓದು ಬಿಟ್ಟು ಸೇನೆಯ ವಿಮಾನ ತರಬೇತಿಗೆ ಹೆಸರು ಕೊಟ್ಟರು. ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಶಾಲೆಯ ಗೆಳತಿ ಜೋಸೆಫೀನ್ ಡೇನಿಯಲ್ಸ್‌ಳನ್ನು ಮದುವೆಯಾದರು. ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಜೋ ಎಂದು. 71 ವರ್ಷ ಬಾಳಿದ ದಾಂಪತ್ಯ ಅದು.

1918ರಲ್ಲಿ ಅಧಿಕಾರಿಯಾದರೂ ಯುದ್ಧಭೂಮಿಗೆ ಕಳಿಸಲಿಲ್ಲ. ಹಾರಲು ಚೆನ್ನಾಗಿ ಬಲ್ಲವರು ಬೇರೆಯವರಿಗೆ ಕಲಿಸಲಿ ಎಂದು ಸೇನೆ ಅವರನ್ನು ದೇಶದಲ್ಲೇ ಶಿಕ್ಷಕರಾಗಿ ಉಳಿಸಿಕೊಂಡಿತು. ಯುದ್ಧ ಮುಗಿದ ಮೇಲೆ 1922ರಲ್ಲಿ ಫ್ಲಾರಿಡದ ಕಡಲತೀರದಿಂದ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊವರೆಗೆ, ನಡುವೆ ಒಮ್ಮೆ ಮಾತ್ರ ಇಳಿದು, 21 ಗಂಟೆ 19 ನಿಮಿಷಗಳಲ್ಲಿ ಹಾರಿದರು. ಇಡೀ ಅಮೆರಿಕವನ್ನು ಒಂದು ದಿನದೊಳಗೆ ದಾಟಿದ ಮೊದಲಿಗರು ಅವರೇ. ಬರ್ಕ್ಲಿಯ ಪದವಿಯನ್ನೂ ಅದೇ ವರ್ಷ ಪಡೆದರು. ಆಮೇಲೆ ಎಂಐಟಿ ಸೇರಿ 1925ರಲ್ಲಿ ವಿಮಾನ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದರು. ಅಮೆರಿಕದಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು.

ಮಂಜಿನಲ್ಲಿ ಇಳಿಯುವ ವಿದ್ಯೆ

ಡೂಲಿಟಲ್ ಅವರನ್ನು ಜನ ಸಾಹಸಿಯೆಂದೇ ತಿಳಿದಿದ್ದರು. 1926ರಲ್ಲಿ ಚಿಲಿ ದೇಶಕ್ಕೆ ವಿಮಾನ ಪ್ರದರ್ಶನಕ್ಕೆಂದು ಹೋದವರು ಪಾರ್ಟಿಯೊಂದರಲ್ಲಿ ಕಸರತ್ತು ತೋರಿಸಲು ಹೋಗಿ ಬಿದ್ದು ಎರಡೂ ಕಾಲಿನ ಕೀಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದ ಕಾಲುಗಳಲ್ಲೇ ವಿಮಾನ ಹಾರಿಸಿ ಬಂದರು. ಆದರೆ ಅವರ ನಿಜವಾದ ಕೊಡುಗೆ ಸಾಹಸವಲ್ಲ, ಲೆಕ್ಕಾಚಾರ.

ಆಗೆಲ್ಲ ಮಂಜು ಮುಸುಕಿದರೆ ವಿಮಾನ ಹಾರುವಂತಿರಲಿಲ್ಲ. ನೆಲ ಕಾಣದಿದ್ದರೆ ಪೈಲಟ್‌ಗೆ ವಿಮಾನ ನೆಟ್ಟಗಿದೆಯೋ ವಾಲಿದೆಯೋ ತಿಳಿಯುತ್ತಿರಲಿಲ್ಲ. ಕಣ್ಣಿಲ್ಲದಾಗ ದೇಹದ ಅಂದಾಜನ್ನು ನಂಬಿದವರು ಸತ್ತರು. ದೇಹವನ್ನಲ್ಲ, ಉಪಕರಣವನ್ನು ನಂಬಬೇಕು ಎಂಬುದು ಡೂಲಿಟಲ್ ವಾದ. ಕೆಲವೇ ಅಡಿಗಳ ವ್ಯತ್ಯಾಸವನ್ನೂ ತೋರಿಸುವ ಎತ್ತರಮಾಪಕ, ವಿಮಾನ ಎಷ್ಟು ವಾಲಿದೆಯೆಂದು ಹೇಳುವ ಕೃತಕ ದಿಗಂತ, ದಿಕ್ಕು ತೋರುವ ಗೈರೊ, ರೇಡಿಯೊ ಸಂಕೇತ ಇವಿಷ್ಟನ್ನು ಜೋಡಿಸಿಕೊಂಡು ತಿಂಗಳುಗಟ್ಟಲೆ ಪ್ರಯೋಗ ಮಾಡಿದರು. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಹತ್ತಿರದ ಮಿಚೆಲ್ ಫೀಲ್ಡ್‌ನಲ್ಲಿ ತಾವು ಕೂತ ಜಾಗಕ್ಕೆ ಪೂರ್ತಿ ಮುಸುಕು ಹಾಕಿಸಿಕೊಂಡು, ಹೊರಗಿನದೇನೂ ಕಾಣದಂತೆ ವಿಮಾನ ಏರಿಸಿ, ಸುತ್ತಿಸಿ, ಇಳಿಸಿದರು. ಅಪಾಯವಾದರೆ ಇರಲಿ ಎಂದು ಮುಂದಿನ ಸೀಟಿನಲ್ಲಿ ಬೆನ್ ಕೆಲ್ಸಿ ಎಂಬ ಪೈಲಟ್ ಕೂತಿದ್ದರೂ ಅವರು ಹಿಡಿಕೆ ಮುಟ್ಟಬೇಕಾಗಲಿಲ್ಲ. ಎಲ್ಲ ಸೇರಿ 15 ನಿಮಿಷದ ಹಾರಾಟ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ನೇರ ಬೆಂಗಳೂರಿಗೆ ಬಂದಿಳಿದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆಯ ಮಂಜಿನಲ್ಲಿ, ದೇವನಹಳ್ಳಿಯ ಚಳಿಗಾಲದ ಮಂಜಿನಲ್ಲಿ ಇಂದು ನಮ್ಮ ಮಕ್ಕಳ ವಿಮಾನ ಕ್ಷೇಮವಾಗಿ ಇಳಿಯುತ್ತದೆಯೆಂದರೆ, ಆ ವಿದ್ಯೆಯ ಮೊದಲ ಪಾಠ ನಡೆದದ್ದು ಆ 15 ನಿಮಿಷಗಳಲ್ಲಿ.

1930ರಲ್ಲಿ ಅವರು ಪೂರ್ಣಾವಧಿ ಸೇನಾ ಸೇವೆ ಬಿಟ್ಟು ಶೆಲ್ ತೈಲ ಕಂಪನಿ ಸೇರಿದರು. ಮನೆ ಖರ್ಚಿಗೆ ಸೇನೆಯ ಸಂಬಳ ಸಾಲುತ್ತಿರಲಿಲ್ಲ. ಅಲ್ಲಿ 100 ಆಕ್ಟೇನ್ ಪೆಟ್ರೋಲ್ ತಯಾರಿಸಲು ಕಂಪನಿಯನ್ನು ಒಪ್ಪಿಸಿದರು. ಕೊಳ್ಳುವವರೇ ಇಲ್ಲದ ಸರಕಿಗೆ ದುಡ್ಡು ಸುರಿಸಿದರೆಂದು ಆಗ ಟೀಕೆ ಬಂತು. ಮುಂದೆ ಯುದ್ಧ ಬಂದಾಗ ಅದೇ ಪೆಟ್ರೋಲ್ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬಲ ತುಂಬಿತು. ಈ ನಡುವೆ ವೇಗದ ಪಂದ್ಯಗಳಲ್ಲಿ ದೊಡ್ಡ ಟ್ರೋಫಿಗಳನ್ನೆಲ್ಲ ಗೆದ್ದು, 1932ರಲ್ಲಿ ಪಂದ್ಯಗಳಿಗೆ ಕೈಮುಗಿದರು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಬೆಳೆಯುತ್ತಿದ್ದರು.

ಹದಿನೇಳನೇ ಬಾಂಬರ್ ದಳ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಸೋಲಿನ ಮೇಲೆ ಸೋಲು ಕಂಡು ಅಮೆರಿಕ ಕಂಗೆಟ್ಟಿತ್ತು. ಜಪಾನ್ ನೆಲಕ್ಕೆ ತಿರುಗೇಟು ಕೊಡುವುದು ಹೇಗೆ? ನೌಕಾಪಡೆಯ ವಿಮಾನಗಳು ಅಷ್ಟು ದೂರ ಹಾರಲಾರವು. ಸೇನೆಯ ಬಾಂಬರ್‌ಗಳು ಹಡಗಿನಿಂದ ಏರಲಾರವು ಎಂದೇ ಎಲ್ಲರ ನಂಬಿಕೆ. ಫ್ರಾನ್ಸಿಸ್ ಲೋ ಎಂಬ ನೌಕಾಪಡೆಯ ಅಧಿಕಾರಿಗೆ ಈ ನಂಬಿಕೆಯನ್ನೇ ಪರೀಕ್ಷಿಸಬೇಕೆನಿಸಿತು. ಸೇನೆಗೆ ಮರಳಿದ್ದ ಡೂಲಿಟಲ್‌ಗೆ ಯೋಜನೆಯ ಹೊಣೆ ಬಂತು. ಅವರು ಆರಿಸಿಕೊಂಡದ್ದು ಎರಡು ಎಂಜಿನ್‌ಗಳ ಬಿ-25 ಮಿಚೆಲ್ ಬಾಂಬರ್.

ಆ ವಿಮಾನವನ್ನು ಚೆನ್ನಾಗಿ ಬಲ್ಲವರಿದ್ದದ್ದು 17ನೇ ಬಾಂಬರ್ ದಳದಲ್ಲಿ. 1931ರಲ್ಲಿ ಕ್ಯಾಲಿಫೋರ್ನಿಯದ ಮಾರ್ಚ್ ಫೀಲ್ಡ್‌ನಲ್ಲಿ ಕಾದಾಟ ವಿಮಾನಗಳ ದಳವಾಗಿ ಆರಂಭವಾಗಿ, 1939ರಲ್ಲಿ ಬಾಂಬರ್ ದಳವಾಗಿ, ಬಿ-25 ಪಡೆದ ಮೊದಲ ದಳವೆನಿಸಿತ್ತು. ಎಲ್ಲಿಗೆ, ಏಕೆ ಎಂದು ತಿಳಿಸದೆ, ಅಪಾಯದ ಕೆಲಸವೆಂದಷ್ಟೇ ಹೇಳಿ ಸ್ವಇಚ್ಛೆಯಿಂದ ಬರುವವರನ್ನು ಕರೆದರು. ಬೇಕಾದವರಿಗಿಂತ ಹೆಚ್ಚು ಮಂದಿ ಕೈ ಎತ್ತಿದರು. ಬಹುತೇಕರು ಇಪ್ಪತ್ತರ ಆಸುಪಾಸಿನ ಹುಡುಗರು. ಡೂಲಿಟಲ್‌ಗೆ ಆಗ 45.

1942ರ ಮಾರ್ಚ್‌ನಲ್ಲಿ ಫ್ಲಾರಿಡದ ಎಗ್ಲಿನ್ ಫೀಲ್ಡ್‌ನಲ್ಲಿ ತಾಲೀಮು. ಸಾವಿರ ಅಡಿಗೂ ಹೆಚ್ಚು ಓಡಿ ಏರುವ ವಿಮಾನವನ್ನು ಐನೂರು ಅಡಿಯೊಳಗೆ ಏರಿಸುವುದನ್ನು ಹೆನ್ರಿ ಮಿಲ್ಲರ್ ಎಂಬ ನೌಕಾಪಡೆಯ ಯುವ ಅಧಿಕಾರಿ ಕಲಿಸಿದರು. ತೂಕ ಇಳಿಸಲು ಕೆಳಗಿನ ಬಂದೂಕು ಗೋಪುರ ತೆಗೆದರು. ಸುಮಾರು 2,450 ಲೀಟರ್ ಇದ್ದ ಪೆಟ್ರೋಲ್ ಸಾಮರ್ಥ್ಯವನ್ನು 4,300 ಲೀಟರ್‌ಗೆ ಏರಿಸಿದರು. ಹಿಂಬದಿಯಲ್ಲಿ ಬಂದೂಕಿದೆಯೆಂದು ವೈರಿ ತಿಳಿಯಲಿ ಎಂದು ಪೊರಕೆ ಕೋಲಿಗೆ ಕಪ್ಪು ಬಣ್ಣ ಬಳಿದು ಸಿಕ್ಕಿಸಿದರು. ಗುರಿ ಹಿಡಿಯುವ ದುಬಾರಿ ಉಪಕರಣ ಜಪಾನಿಗೆ ಸಿಗಬಾರದೆಂದು ಅದನ್ನು ತೆಗೆದು, 20 ಸೆಂಟ್ ವೆಚ್ಚದ ಅಲ್ಯುಮಿನಿಯಂ ಪಟ್ಟಿಯ ಸಾಧನ ಕೂರಿಸಿದರು.

ದಾಳಿಯ ನೇತೃತ್ವವನ್ನು ಡೂಲಿಟಲ್‌ಗೆ ಕೊಡಲು ವಾಯುಸೇನೆಯ ಮುಖ್ಯಸ್ಥ ಜನರಲ್ ಆರ್ನಲ್ಡ್‌ಗೆ ಮನಸ್ಸಿರಲಿಲ್ಲ. ಕೆಳಗಿನ ಅಧಿಕಾರಿ ಒಪ್ಪಿದರೆ ಆಗಲಿ ಎಂದು ಸಾಗಹಾಕಿದರು. ಆರ್ನಲ್ಡ್ ಫೋನ್ ಎತ್ತುವುದರೊಳಗೆ ಡೂಲಿಟಲ್ ಓಡಿಹೋಗಿ ಆ ಅಧಿಕಾರಿಯ ಒಪ್ಪಿಗೆ ಪಡೆದು ಬಂದಿದ್ದರು.

ಮರಳಿ ಇಳಿಯಲಾರದ ಹಡಗು

ಏಪ್ರಿಲ್ 1ರಂದು ಅಲಮೀಡಾದ ನೌಕಾನೆಲೆಯಲ್ಲಿ 16 ಬಾಂಬರ್‌ಗಳನ್ನು ಕ್ರೇನಿನಿಂದ ಎತ್ತಿ ಹಾರ್ನೆಟ್ ಎಂಬ ವಿಮಾನವಾಹಕ ನೌಕೆಯ ಮೇಲೆ ಕಟ್ಟಿದರು. ತಾನು ಹುಟ್ಟಿದ ಊರಿನಿಂದಲೇ ಡೂಲಿಟಲ್ ಯುದ್ಧಕ್ಕೆ ಹೊರಟರು. ಬೀಳ್ಕೊಡುವಾಗ ಹೆಂಡತಿಗೂ ವಿಷಯ ತಿಳಿಸಲಿಲ್ಲ. ಮಾರನೇ ದಿನ ಹಗಲು ಬೆಳಕಿನಲ್ಲೇ ಹಡಗು ಗೋಲ್ಡನ್ ಗೇಟ್ ಸೇತುವೆ ದಾಟಿತು. ತಾವು ಹೊರಟಿರುವುದು ಎಲ್ಲಿಗೆಂದು ನಾವಿಕರಿಗೆ ಗೊತ್ತಾದದ್ದು ಕಡಲಿಗಿಳಿದ ಮೇಲೆ.

ಹಡಗಿನಿಂದ ಏರಿದ ಬಾಂಬರ್ ಮತ್ತೆ ಹಡಗಿನ ಮೇಲೆ ಇಳಿಯುವಂತಿಲ್ಲ. ಬಾಂಬ್ ಹಾಕಿ ಮುಂದೆ ಚೀನಾಕ್ಕೆ ಹಾರಿ ಅಲ್ಲಿನ ನಿಲ್ದಾಣಗಳಲ್ಲಿ ಇಳಿಯಬೇಕೆಂಬುದು ಲೆಕ್ಕ. ಏಪ್ರಿಲ್ 18ರ ಬೆಳಿಗ್ಗೆ ಜಪಾನಿನ ಕಾವಲು ದೋಣಿಯೊಂದು ಹಡಗುಗಳನ್ನು ಕಂಡು ಸುದ್ದಿ ಮುಟ್ಟಿಸಿತು. ಇನ್ನೂ 300 ಕಿ.ಮೀ. ಹತ್ತಿರ ಹೋಗಿ ಸಂಜೆಯ ಹೊತ್ತಿಗೆ ಹೊರಡಬೇಕೆಂದಿದ್ದವರು ಹತ್ತು ಗಂಟೆ ಮೊದಲೇ, ಜಪಾನಿನಿಂದ ಸುಮಾರು 1,200 ಕಿ.ಮೀ. ದೂರದಲ್ಲೇ ಏರಬೇಕಾಯಿತು. ಚೀನಾ ತಲುಪುವಷ್ಟು ಪೆಟ್ರೋಲ್ ಸಾಲುವುದು ಅನುಮಾನವೆಂದು ಎಲ್ಲರಿಗೂ ಗೊತ್ತಿತ್ತು. ಕಡಲು ಉಕ್ಕುತ್ತಿತ್ತು. 8.20ಕ್ಕೆ ಮೊದಲ ವಿಮಾನ ಡೂಲಿಟಲ್ ಅವರದು, ಮುಂದಿದ್ದ ಜಾಗ 467 ಅಡಿ. ಹಡಗಿನ ಮೂತಿ ಅಲೆಯೊಂದಿಗೆ ಮೇಲೇಳುವ ಕ್ಷಣಕ್ಕೆ ಸರಿಯಾಗಿ ವಿಮಾನ ಗಾಳಿಗೆ ಸೇರಿತು. ಅದನ್ನು ನೋಡಿದ ಹಿಂದಿನವರಿಗೆ ಧೈರ್ಯ ಬಂತು. ಒಂದು ಗಂಟೆಯಲ್ಲಿ 16 ವಿಮಾನಗಳು, 80 ಮಂದಿ ಹೊರಟರು.

ಟೋಕಿಯೊ, ಯೊಕೊಹಾಮಾ, ನಗೋಯಾ, ಕೋಬೆ ಮೊದಲಾದ ನಗರಗಳ ಮೇಲೆ ಹಾಡಹಗಲೇ ಬಾಂಬ್ ಬಿತ್ತು. ಕಾರ್ಖಾನೆ, ಸೇನಾ ನೆಲೆಗಳು ಗುರಿಯಾಗಿದ್ದರೂ ಸುಮಾರು 50 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಒಂದು ವಿಮಾನ ರಷ್ಯಾದ ವ್ಲಾಡಿವೊಸ್ಟಾಕ್ ಕಡೆ ಹೋಗಿ ಇಳಿಯಿತು. ಉಳಿದ 15 ವಿಮಾನಗಳು ರಾತ್ರಿಯ ಮಳೆ-ಮೋಡದಲ್ಲಿ ಚೀನಾ ತಲುಪಿದವು. ದಾರಿ ತೋರಬೇಕಿದ್ದ ರೇಡಿಯೊ ಸಂಕೇತ ಬರಲಿಲ್ಲ, ನಿಲ್ದಾಣದಲ್ಲಿ ದೀಪವಿರಲಿಲ್ಲ. ಕೆಲವರು ಕತ್ತಲೆಗೆ ಪ್ಯಾರಾಶೂಟ್ ಹಾರಿದರು, ಕೆಲವರು ಕಡಲ ದಂಡೆಗೆ ಅಪ್ಪಳಿಸಿದರು. 13 ಗಂಟೆ ಹಾರಿದ ಡೂಲಿಟಲ್ ಬಿದ್ದದ್ದು ಗೊಬ್ಬರ ಹಾಕಿದ್ದ ಭತ್ತದ ಗದ್ದೆಯಲ್ಲಿ. ಒಂದು ಮನೆಯ ಬಾಗಿಲು ತಟ್ಟಿ, ಬಾಯಿಪಾಠ ಮಾಡಿದ್ದ ಚೀನೀ ಮಾತು ಹೇಳಿದರು. ಒಳಗಿನವರು ದೀಪ ಆರಿಸಿ ಅಗಣಿ ಹಾಕಿದರು. ಚಳಿಯಲ್ಲಿ ನಡುಗುತ್ತ ನೀರಿನ ಗಿರಣಿಯೊಂದರಲ್ಲಿ ರಾತ್ರಿ ಕಳೆದರು.

ಬೆಳಗಾದ ಮೇಲೆ ತನ್ನ ವಿಮಾನದ ಚೂರುಗಳ ನಡುವೆ ಕೂತ ಡೂಲಿಟಲ್‌ಗೆ ಎಲ್ಲ ಮುಗಿಯಿತೆನಿಸಿತು. ಹದಿನಾರೂ ವಿಮಾನಗಳು ಹೋದವು, ಹುಡುಗರು ಎಲ್ಲಿದ್ದಾರೋ ತಿಳಿಯದು. ಊರಿಗೆ ಮರಳಿದರೆ ಸೇನಾ ನ್ಯಾಯಾಲಯವೇ ಗತಿ ಎಂದುಕೊಂಡರು. ಜತೆಗಿದ್ದ ಮೆಕ್ಯಾನಿಕ್ ಪಾಲ್ ಲಿಯೊನಾರ್ಡ್ ಸಮಾಧಾನ ಹೇಳಿದರು. ನಿಮಗೆ ಬಡ್ತಿಯೂ ಪದಕವೂ ಹೊಸ ವಿಮಾನವೂ ಸಿಗುತ್ತದೆ, ಆ ವಿಮಾನಕ್ಕೆ ನಾನೇ ಮೆಕ್ಯಾನಿಕ್ ಆಗಿ ಬರುತ್ತೇನೆ ಎಂಬ ಅರ್ಥದ ಮಾತು. ಹಾಗೇ ಆಯಿತು. ಮೇ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಅವರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ತೊಡಿಸಿದರು. ಕರೆ ಬಂತೆಂದು ಹೊರಟು ಬಂದ ಜೋಗೆ ಗಂಡ ಎಲ್ಲಿ ಹೋಗಿದ್ದರೆಂದು ತಿಳಿದದ್ದು ಆಗಲೇ. ಲಿಯೊನಾರ್ಡ್ ಕೂಡ ಮಾತಿನಂತೆ ಮೆಕ್ಯಾನಿಕ್ ಆಗಿ ಜತೆಗೆ ಹೋದರು. 1943ರ ಜನವರಿಯಲ್ಲಿ ಅಲ್ಜೀರಿಯದಲ್ಲಿ ಜರ್ಮನ್ ದಾಳಿಗೆ ಬಲಿಯಾದರು. ಯುದ್ಧದಲ್ಲಿ ತನಗಾದ ಅತಿ ದೊಡ್ಡ ವೈಯಕ್ತಿಕ ನಷ್ಟ ಅದೆಂದು ಡೂಲಿಟಲ್ ಕೊನೆಯವರೆಗೂ ನೆನೆದರು.

ಬೆಲೆ ತೆತ್ತವರು

80 ಮಂದಿಯಲ್ಲಿ ಮೂವರು ಆ ರಾತ್ರಿಯೇ ಸತ್ತರು. ಎಂಟು ಮಂದಿ ಜಪಾನೀಯರ ಕೈಗೆ ಸಿಕ್ಕರು. ಅವರಲ್ಲಿ ಮೂವರನ್ನು ಅಕ್ಟೋಬರ್ 15ರಂದು ಗುಂಡಿಟ್ಟು ಕೊಂದರು, ಒಬ್ಬರು ಸೆರೆಯಲ್ಲಿ ತೀರಿಕೊಂಡರು, ನಾಲ್ವರು 1945ರಲ್ಲಿ ಬಿಡುಗಡೆಯಾದರು.

ಬಹುತೇಕರು ಬದುಕಿ ಬಂದದ್ದು ಚೀನಾದ ಹಳ್ಳಿಗರ ದಯೆಯಿಂದ. ಭಾಷೆ ಬಾರದ, ಗಾಯಗೊಂಡ ಪರದೇಶಿಗಳನ್ನು ಅವರು ಅಡಗಿಸಿಟ್ಟರು, ಡೋಲಿಯಲ್ಲಿ ಹೊತ್ತರು, ತಮ್ಮ ಅನ್ನ ಹಂಚಿದರು. ಅದಕ್ಕೆ ಸಿಕ್ಕ ಪ್ರತಿಫಲ ಘೋರವಾದದ್ದು. ಝೆಜಿಯಾಂಗ್, ಜಿಯಾಂಗ್‌ಷಿ ಪ್ರಾಂತ್ಯಗಳಿಗೆ ನುಗ್ಗಿದ ಜಪಾನಿ ಸೇನೆ ಊರೂರುಗಳನ್ನು ಸುಟ್ಟಿತು. ಚೀನಾದ ಅಂದಾಜಿನಂತೆ ಎರಡೂವರೆ ಲಕ್ಷ ಜನ ಸತ್ತರು. ಟೋಕಿಯೊ ದಾಳಿಯ ಕಥೆ ಹೇಳುವಾಗ ಈ ಲೆಕ್ಕ ಬಿಟ್ಟರೆ ಕಥೆ ಅರ್ಧವೇ.

ಬಾಂಬಿನಿಂದ ಜಪಾನಿಗಾದ ನಷ್ಟ ಸಣ್ಣದು, ಮುಖಭಂಗ ದೊಡ್ಡದು. ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡಲೇಬೇಕೆಂಬ ಅದರ ಹಟ ಗಟ್ಟಿಯಾಯಿತು. ಜೂನ್‌ನಲ್ಲಿ ಅಲ್ಲಿ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ಯುದ್ಧ ತಿರುಗಿತು.

ಬೆಂಗಳೂರಿನ ನಂಟು

17ನೇ ದಳ ಮುಂದೆ ಬಿ-26 ವಿಮಾನಗಳೊಂದಿಗೆ ಉತ್ತರ ಆಫ್ರಿಕ, ಇಟಲಿ, ಫ್ರಾನ್ಸ್‌ಗಳಲ್ಲಿ ಕಾದಿತು. ಕೊರಿಯಾ ಯುದ್ಧದಲ್ಲೂ ಇತ್ತು. ಇಂದು ಅದೇ ಸಂಖ್ಯೆಯ ಘಟಕ ಟೆಕ್ಸಸ್‌ನ ಗುಡ್‌ಫೆಲೊ ನೆಲೆಯಲ್ಲಿ ತರಬೇತಿ ಕೊಡುತ್ತಿದೆ. ಡೂಲಿಟಲ್ ಉತ್ತರ ಆಫ್ರಿಕದಲ್ಲಿ 12ನೇ, ಇಟಲಿಯಲ್ಲಿ 15ನೇ, 1944ರಿಂದ ಇಂಗ್ಲೆಂಡ್‌ನಲ್ಲಿ 8ನೇ ವಾಯುಸೇನೆಯ ಮುಖ್ಯಸ್ಥರಾದರು. ಟೋಕಿಯೊ, ರೋಮ್, ಬರ್ಲಿನ್, ವೈರಿಗಳ ಮೂರೂ ರಾಜಧಾನಿಗಳ ಮೇಲಿನ ದಾಳಿಗಳಲ್ಲಿ ಅವರ ಹೆಸರಿದೆ.

ಡೂಲಿಟಲ್ ಪಕ್ಕದ ಸೀಟಿನಲ್ಲಿ ಕೂತಿದ್ದ ಸಹಪೈಲಟ್ ರಿಚರ್ಡ್ ಕೋಲ್ ಮಾತ್ರ ನಮ್ಮ ಕಡೆಯೇ ಉಳಿದು, ಭಾರತದಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸಿದರು. ಆ ದಿನಗಳಲ್ಲಿ ಭಾರತ-ಬರ್ಮಾದಲ್ಲಿ ಹಾರುತ್ತಿದ್ದ ಅಮೆರಿಕನ್ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ನಮ್ಮ ಬೆಂಗಳೂರಿಗೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ವಹಿಸಿಕೊಂಡಿತ್ತು. ಅದರ ಯುದ್ಧಕಾಲದ ಹೆಸರು 84ನೇ ಏರ್ ಡಿಪೊ. ಅಲ್ಲಿ ಬಾಂಬರ್ ಬಿಚ್ಚಿ ಜೋಡಿಸಲು ಕಲಿತ ಕೈಗಳೇ ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳಿಗೆ ಮರುಜೀವ ಕೊಟ್ಟವು. ಅವುಗಳಿಂದಲೇ 1948ರಲ್ಲಿ ಭಾರತೀಯ ವಾಯುಪಡೆಯ ಭಾರಿ ಬಾಂಬರ್ ಸ್ಕ್ವಾಡ್ರನ್ ಆರಂಭವಾಯಿತು. ನಿಮ್ಮ ತಂದೆಯೋ ತಾತನೋ ಎಚ್‌ಎಎಲ್‌ನಲ್ಲಿ ದುಡಿದವರಾದರೆ ಈ ಕಥೆಯಲ್ಲಿ ಅವರದೂ ಪಾಲಿದೆ.

ಕೊನೆಯ ಲೋಟ

ಯುದ್ಧದ ಬಳಿಕ ಡೂಲಿಟಲ್ ಶೆಲ್‌ಗೆ ಮರಳಿದರು. 1958ರಲ್ಲಿ ವಾಯುಪಡೆಯಲ್ಲಿದ್ದ ಹಿರಿಯ ಮಗನನ್ನು ಕಳೆದುಕೊಂಡರು. 1985ರಲ್ಲಿ, ತಮ್ಮ 88ನೇ ವಯಸ್ಸಿನಲ್ಲಿ, ನಾಲ್ಕು ನಕ್ಷತ್ರದ ಜನರಲ್ ಪದವಿ ಪಡೆದರು. ಊರೂರು ಅಲೆದ ಈ ಸಂಸಾರವನ್ನು ಕಟ್ಟಿ ಹಿಡಿದದ್ದು ಜೋ. ಮನೆಗೆ ಬಂದ ಅತಿಥಿಗಳಿಂದ ಊಟದ ಮೇಜಿನ ಬಟ್ಟೆಯ ಮೇಲೆ ಸಹಿ ಹಾಕಿಸಿಕೊಂಡು, ಅದರ ಮೇಲೆ ಕಪ್ಪು ದಾರದಿಂದ ಕಸೂತಿ ಹಾಕುತ್ತಿದ್ದರು. ಹೀಗೆ ಸೇರಿದ ಸಹಿಗಳು 500ಕ್ಕೂ ಹೆಚ್ಚು. ಆ ಬಟ್ಟೆ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1988ರಲ್ಲಿ, ಮದುವೆಯ ವಾರ್ಷಿಕದಂದೇ, ಅವರು ಕಣ್ಮುಚ್ಚಿದರು. ಡೂಲಿಟಲ್ 1993ರ ಸೆಪ್ಟೆಂಬರ್ 27ರಂದು ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ ತೀರಿಕೊಂಡರು. ಇಬ್ಬರ ಸಮಾಧಿಯೂ ಆರ್ಲಿಂಗ್ಟನ್‌ನಲ್ಲಿ ಅಕ್ಕಪಕ್ಕದಲ್ಲಿದೆ.

ದಾಳಿಗೆ ಹೋದವರು ಪ್ರತಿ ವರ್ಷ ಸೇರುತ್ತಿದ್ದರು. 1959ರಲ್ಲಿ ಟೂಸಾನ್ ನಗರದವರು ಅವರಿಗೆ 80 ಬೆಳ್ಳಿ ಲೋಟ ಕೊಟ್ಟರು. ಪ್ರತಿ ಲೋಟದ ಮೇಲೂ ಒಂದು ಹೆಸರು, ಎರಡು ಬಾರಿ: ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ. ತೀರಿಕೊಂಡವರ ಲೋಟವನ್ನು ಬೋರಲು ಹಾಕುತ್ತಿದ್ದರು, ಆಗಲೂ ಹೆಸರು ಓದಲು ಬರುತ್ತಿತ್ತು. 2019ರ ಏಪ್ರಿಲ್‌ನಲ್ಲಿ, 103ನೇ ವಯಸ್ಸಿನಲ್ಲಿ ರಿಚರ್ಡ್ ಕೋಲ್ ತೀರಿಕೊಂಡಾಗ ಕೊನೆಯ ಲೋಟವೂ ಬೋರಲಾಯಿತು.

ಮುಂದಿನ ಬಾರಿ ಊರಿನಿಂದ ಅಪ್ಪ-ಅಮ್ಮ ಬಂದಾಗ ಪಟ್ಟಿಗೆ ಅಲಮೀಡಾವನ್ನೂ ಸೇರಿಸಿಕೊಳ್ಳಿ. ಹಳೆಯ ನೌಕಾನೆಲೆ 1997ರಲ್ಲಿ ಮುಚ್ಚಿದೆ. ಅಲ್ಲಿ ಈಗ ಹಾರ್ನೆಟ್ ಹೆಸರಿನ ಹಡಗು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಡೂಲಿಟಲ್ ಹೊರಟ ಹಾರ್ನೆಟ್ 1942ರ ಅಕ್ಟೋಬರ್‌ನಲ್ಲೇ ಮುಳುಗಿತು, ಇದು ಅದರ ಹೆಸರು ಹೊತ್ತ ಇನ್ನೊಂದು ಹಡಗು. ಚಂದ್ರನಿಂದ ಮರಳಿದ ಅಪೊಲೊ 11ರ ಯಾನಿಗಳನ್ನು ಕಡಲಿನಿಂದ ಎತ್ತಿಕೊಂಡದ್ದೂ ಇದೇ. ಅದರ ಹಾಸಿನ ಮೇಲೆ ನಿಂತು 467 ಅಡಿ ಎಷ್ಟೆಂದು ಮೊಮ್ಮಕ್ಕಳಿಂದ ಹೆಜ್ಜೆ ಹಾಕಿಸಿ ಅಳೆಸಿ. ಆಮೇಲೆ ಚೀನಾದ ಆ ಹಳ್ಳಿಗರ ಕಥೆಯನ್ನೂ ಅವರಿಗೆ ಹೇಳಿ.